ಅರ್ತ್ ಪೈಪಿಗೆ ಒಂದು ಚೊಂಬು ನೀರು

ಒದ್ದೆ ಇದ್ದಿಲಿನ ಮೇಲೆ ಕಲ್ಲುಪ್ಪು ಸುರಿದರೆ ಒಂದು ವಾಸನೆ ಏಳುತ್ತದೆ. ಆರಿದ ಒಲೆಯದ್ದೂ ಅಲ್ಲ, ಉಪ್ಪಿನಕಾಯಿ ಜಾಡಿಯದ್ದೂ ಅಲ್ಲ, ಎರಡೂ ಸೇರಿ ಕೆಟ್ಟಂಥದ್ದು. ಹೋದ ವಾರ ಪಕ್ಕದ ಮನೆ ಅಕ್ಕ ಬಾವಿಗೆ ಹೊಸ ಮೋಟಾರು ಹಾಕಿಸಿದರು. ಅದಕ್ಕೆ ಅರ್ತಿಂಗ್ ಆಗಬೇಕು ಅಂತ ಆಲೂರಿನಿಂದ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿದ. ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಹಾಕಿ ಮೇಲೆ ನೀರು ಚಿಮುಕಿಸಿದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಮೇಷ್ಟ್ರು ನೆನಪಾದರು...

ಅರ್ತಿಂಗ್ ಅಂದರೆ ಗೊತ್ತಲ್ಲ, ನೆಲದಲ್ಲಿ ಹೂತ ಕಬ್ಬಿಣದ ಪೈಪು. ಕರೆಂಟು ಎಲ್ಲಾದರೂ ಸೋರಿದರೆ ಮನುಷ್ಯರ ಮೈ ಹೊಗದೆ ಅದರ ಮೂಲಕ ಭೂಮಿಗೆ ಇಳಿದು ಹೋಗಲಿ ಅಂತ ಹೂಳುವುದು. ಕಾಯುವುದಕ್ಕೇ ಇಟ್ಟ ಪೈಪು. ಮನೆ ಕಾಯೋ ನಾಯಿಯೇ ಯಜಮಾನನಿಗೆ ಬಾಯಿ ಹಾಕಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಮೇಷ್ಟ್ರು ಹೈಸ್ಕೂಲಿನಲ್ಲಿ ನನಗೆ ಸೈನ್ಸ್ ಹೇಳಿಕೊಟ್ಟವರು. ಕರೆಂಟಿನ ಪಾಠ ಬಂತೆಂದರೆ ಬೋರ್ಡಿನ ತುಂಬ ಒಂದು ತ್ರಿಕೋನ ಬರೆಯುತ್ತಿದ್ದರು. ಮೇಲೆ ವೋಲ್ಟು, ಕೆಳಗೆ ಎಡಕ್ಕೆ ಕರೆಂಟು, ಬಲಕ್ಕೆ ರೆಸಿಸ್ಟೆನ್ಸು. "ಯಾವುದು ಬೇಕೋ ಅದನ್ನ ಹೆಬ್ಬೆಟ್ಟಲ್ಲಿ ಮುಚ್ಚಿ. ಉಳಿದಿದ್ದೇ ಉತ್ತರ" ಅನ್ನುತ್ತಿದ್ದರು. ವೋಲ್ಟನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸು, ಎರಡನ್ನೂ ಗುಣಿಸಿದರೆ ಪವರ್ರು, ಇಷ್ಟು ತಿಳಿದವನಿಗೆ ಲೋಕದಲ್ಲಿ ಭಯವಿಲ್ಲ ಅಂತ ಅವರ ನಂಬಿಕೆ. ಬೋರ್ಡಿನ ತುಂಬ ಅವರ ಹೆಬ್ಬೆರಳಿನ ಗುರುತು ಬಿದ್ದಿರುತ್ತಿತ್ತು. ಅಷ್ಟು ಓದಿದ ಮನುಷ್ಯನಿಗೆ ನಾವು ಹುಡುಗಿಯರು ಇಟ್ಟ ಹೆಸರು ಹೆಬ್ಬೆಟ್ಟು ಮೇಷ್ಟ್ರು. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ನಾನು ಮದುವೆಯಾಗಿ ಬಂದದ್ದು ಅವರ ಪಕ್ಕದ ಮನೆಗೇ. ನಡುವೆ ಒಂದು ದಾಸವಾಳದ ಬೇಲಿ, ಅಷ್ಟೇ. ಅಂತೂ ಸ್ಕೂಲು ಬಿಟ್ಟರೂ ಮೇಷ್ಟ್ರು ಬಿಡಲಿಲ್ಲ ನೋಡಿ. ಒಂದು ಲೋಟ ಸಕ್ಕರೆ ಕೇಳೋಕೆ ಹೋದರೆ, "ನಿಮ್ಮ ಮಿಕ್ಸಿ ಎಷ್ಟು ವ್ಯಾಟು? ಹಂಗಾದ್ರೆ ಕರೆಂಟು ಎಷ್ಟು ಎಳೀತದೆ?" ಅಂತ ಬಾಗಿಲಲ್ಲೇ ಪರೀಕ್ಷೆ. ಸರಿ ಹೇಳಿದರೆ ಸಕ್ಕರೆಯ ಜೊತೆ ಹೊಗಳಿಕೆ. ಇವಳು ಲೆಕ್ಕದಲ್ಲಿ ಹುಷಾರು ಕಣೇ ಅಂತ ಹೆಂಡತಿಯನ್ನು ಕರೆದು ಹೇಳುವರು. ಆ ಹೆಂಡತಿಯನ್ನೇ ನಾನು ಅಕ್ಕ ಅನ್ನುವುದು. ಅಕ್ಕ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಮೆಣಸಿನ ವ್ಯಾಪಾರಿ ಬಂದರೆ ಅವನ ತಕ್ಕಡಿಯನ್ನೇ ತಿರುಗಿಸಿ ನೋಡುವಷ್ಟು ಗಟ್ಟಿ ಹೆಂಗಸು. ಆದರೆ ಕರೆಂಟಿನ ವಿಷಯದಲ್ಲಿ ಗಂಡ ಹೇಳಿದ್ದೇ ವೇದವಾಕ್ಯ.

ಆ ವರ್ಷ ಬೇಸಿಗೆ ಬೇಗ ಹಿಡಿಯಿತು. ಕಾಫಿ ಕೊಯ್ಲು ಮುಗಿದು ಮೆಣಸು ಕಣಕ್ಕೆ ಬಿದ್ದಿತ್ತು. ಆನೆಗಳ ಹಿಂಡೊಂದು ಬಂದು ನಮ್ಮ ಮೇಲಿನ ಎಸ್ಟೇಟಿನಲ್ಲಿ ಕೂತುಬಿಟ್ಟಿತ್ತು. ಬಗನೆ ಮರ ಕಂಡರೆ ಅವುಕ್ಕೆ ತಿಂಡಿ ಕಂಡಂತೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಮೇಷ್ಟ್ರ ಮನೆಗೆ ಬರುವ ತಂತಿಯ ಮೇಲೆ ಬಗನೆ ಮರ ಅಡ್ಡಡ್ಡ ಬಿದ್ದಿತ್ತು. ಎರಡು ತಂತಿಯಲ್ಲಿ ಒಂದು ತುಂಡಾಗಿತ್ತು. ಕರೆಂಟು ತರುವ ತಂತಿ ಉಳಿದಿತ್ತು, ಅದು ವಾಪಸು ಹೋಗುವ ನ್ಯೂಟ್ರಲ್ ತಂತಿ ಕಡಿದುಹೋಗಿತ್ತು. ಅವರ ಮನೆಗೆ ಕತ್ತಲು, ನಮ್ಮ ಮನೆಗೆ ಬೇರೆ ಕಂಬದಿಂದ ಬರುವುದರಿಂದ ಬೆಳಕು.

ಕರೆಂಟಿನ ಲೈನಿನವರಿಗೆ ಹೇಳಿ ಕಳಿಸಿದ್ದಾಯಿತು. ಆನೆ ಇರುವ ತೋಟದೊಳಗೆ ಕಂಬ ಹತ್ತೋಕೆ ಯಾರಿಗೆ ತಲೆ ಕೆಟ್ಟಿದೆ? ಇವತ್ತು ಬರ್ತೀವಿ, ನಾಳೆ ಬರ್ತೀವಿ ಅಂದರು. ನಾವು ಒಂದು ವೈರು ಬೇಲಿಯ ಮೇಲಿಂದ ಎಸೆಯುತ್ತೇವೆ, ಅಲ್ಲಿವರೆಗೆ ಬಲ್ಬು ಉರಿಸಿಕೊಳ್ಳಿ ಅಂದೆವು. ಮೇಷ್ಟ್ರು ಒಪ್ಪಲಿಲ್ಲ. ಸೈನ್ಸ್ ಮೇಷ್ಟ್ರ ಮನೆಗೆ ಪಕ್ಕದ ಮನೆ ದೀಪವೇ ಅಂತ ನಕ್ಕರು. ಅವರಿಗೆ ಬೇರೆ ದಾರಿ ಗೊತ್ತಿತ್ತು. ಅವರಿಗೇನು, ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ದಾರಿಯೇ ಅದು.

ವಾಪಸು ಹೋಗುವ ತಂತಿ ಇಲ್ಲದಿದ್ದರೆ ನೆಲ ಇದೆಯಲ್ಲ, ಅದರಲ್ಲೇ ಹೋಗಲಿ. ಮನೆಯೊಳಗಿನ ನ್ಯೂಟ್ರಲ್ ವೈರನ್ನು ಹಿತ್ತಲ ಅರ್ತ್ ಪೈಪಿಗೆ ಕಟ್ಟಿದರಾಯಿತು, ಬಲ್ಬಿನ ಒಂದು ತುದಿ ಕರೆಂಟಿಗೆ, ಇನ್ನೊಂದು ತುದಿ ಪೈಪಿಗೆ. ಉರಿಯುತ್ತದೆ. ತೋಟದ ಆಳುಗಳ ಲೈನ್ ಮನೆಗಳಲ್ಲಿ, ದೂರದ ಕಾಡಂಚಿನ ಹಾಡ್ಯಗಳಲ್ಲಿ ಎಷ್ಟೋ ಜನ ಹಾಗೆ ವರ್ಷಗಟ್ಟಲೆ ಉರಿಸಿದ್ದಾರೆ. ಅರ್ತ್ ಮೇಲೆ ಲೈಟು ಅನ್ನುವುದು ಅದಕ್ಕೆ. ಒಂದೇ ತೊಂದರೆ ಅಂದರೆ ಬೇಸಿಗೆಯಲ್ಲಿ ನೆಲ ಒಣಗಿದರೆ ಬಲ್ಬು ಮಂಕಾಗುತ್ತದೆ. ಆಗ ಪೈಪಿನ ಬಾಯಿಗೆ ಒಂದು ಚೊಂಬು ನೀರು ಹುಯ್ಯಬೇಕು. ಹುಯ್ಯುತ್ತಿದ್ದಂತೆ ಬಲ್ಬು ಕಣ್ಣು ಬಿಡುತ್ತದೆ. ಸತ್ಯವಾಗಿಯೂ ಕಣ್ಣೆದುರಿಗೇ ಬೆಳಕು ಏರುವುದು ಕಾಣುತ್ತದೆ. ಮೊದಲ ದಿನ ನಾನೂ ಬೇಲಿ ಹತ್ತಿರ ನಿಂತು ನೋಡಿ ಕೈ ತಟ್ಟಿದೆ. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತ ಮೇಷ್ಟ್ರು ಗುಂಡಿಯನ್ನು ತೋರಿಸಿ ತಮಾಷೆ ಮಾಡಿದರು. ಗುಂಡಿಗೆ ಉಪ್ಪು ಹಾಕಿದ್ದಕ್ಕೆ ಆ ಮಾತು. ಎಲ್ಲರೂ ನಕ್ಕೆವು.

ದಿನಾ ಸಂಜೆ ನೀರು ಹುಯ್ಯುವ ಕೆಲಸ ಅಕ್ಕನಿಗೆ ಬಿತ್ತು. ಮೇಷ್ಟ್ರು ಜಗಲಿಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುವರು, ಅಕ್ಕ ಬಚ್ಚಲಿನಿಂದ ಚೊಂಬು ತಂದು ಹುಯ್ಯುವರು. ನಾಲ್ಕೈದು ದಿನ ಕಳೆಯುವ ಹೊತ್ತಿಗೆ ಆ ಜಾಗ ನನಗೆ ಯಾಕೋ ಹಿಡಿಸದಾಯಿತು. ನೀರು ಬಿದ್ದ ತಕ್ಷಣ ಪೈಪಿನ ಸುತ್ತ ಎರೆಹುಳುಗಳು ನೆಲದಿಂದ ಎದ್ದು ಬರುತ್ತಿದ್ದವು. ಒಂದೆರಡಲ್ಲ, ರಾಶಿ. ಸುಡುವ ಬೇಸಿಗೆಯಲ್ಲಿ ಆಳಕ್ಕೆ ಇಳಿದಿರಬೇಕಾದವು ಮೇಲೆ ಬಂದು ಒದ್ದಾಡುತ್ತಿದ್ದವು. ಕೋಳಿಗಳು ಓಡಿಬಂದು ಹೆಕ್ಕುತ್ತಿದ್ದವು, ಪೈಪಿನ ಹತ್ತಿರಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಅಕ್ಕನ ಹಸು ಆ ಕಡೆಯ ಬಾನಿಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿತು. ಎಳೆದರೆ ನಾಲ್ಕೂ ಕಾಲು ಊರಿ ನಿಲ್ಲುತ್ತಿತ್ತು.

ಒಣಗಿದ ಮೆಣಸು ಕೇರುತ್ತಿದ್ದ ನಮ್ಮತ್ತೆ ಇದನ್ನೆಲ್ಲ ನೋಡಿ ನೋಡಿ ಒಂದು ದಿನ, ಮೂಕ ಪ್ರಾಣಿಗೆ ಗೊತ್ತಾಗಿದ್ದು ಮೇಷ್ಟ್ರಿಗೆ ಗೊತ್ತಾಗ್ಲಿಲ್ಲವಲ್ಲ, ದೀಪದ ಬುಡದಲ್ಲೇ ಕತ್ತಲೆ ಅಂದರು. ನಾನು ಸುಮ್ಮನಿರಿ ಅತ್ತೆ ಅಂದೆ. ನನಗೂ ಮೇಷ್ಟ್ರ ಲೆಕ್ಕದ ಮೇಲೆ ನಂಬಿಕೆ ಇತ್ತು.

ಮೊದಲು ಬಾಯಿ ಬಿಟ್ಟವರು ಅಕ್ಕ. ನೀರು ಹುಯ್ಯುವಾಗ ಪೈಪಿಗೆ ಕೈ ತಗುಲಿದರೆ ಜುಂ ಅಂತದೆ, ಮೊಣಕೈವರೆಗೂ ಹತ್ತುತ್ತದೆ, ನನಗೆ ಹೆದರಿಕೆ ಅಂದರು. ಮೇಷ್ಟ್ರು ಬಯ್ಯಲಿಲ್ಲ, ನಗಲೂ ಇಲ್ಲ. ಸ್ಕೂಲಿನ ಮೀಟರು ತಂದು ಅಕ್ಕನ ಎದುರಿಗೇ ಅಳೆದರು. ನಾನೂ ಇದ್ದೆ. ಪೈಪಿನ ಮೇಲೆ ನಲವತ್ತೈದು ವೋಲ್ಟು. ಪೈಪಿನೊಳಗೆ ಇಳಿಯುವ ಕರೆಂಟು ಆಂಪಿಯರಿನ ಹತ್ತರಲ್ಲಿ ಮೂರು ಪಾಲು. ರೆಸಿಸ್ಟೆನ್ಸು ಎಷ್ಟು ಅಂತ ನನ್ನ ಕಡೆ ನೋಡಿದರು. ನೂರೈವತ್ತು ಓಮು ಅಂದೆ. ನೀರು ಹುಯ್ದು ಮತ್ತೆ ಅಳೆದರು. ವೋಲ್ಟು ಮೂವತ್ತಕ್ಕೆ ಇಳಿಯಿತು, ರೆಸಿಸ್ಟೆನ್ಸು ನೂರರೊಳಗೆ ಬಂತು, ಬಲ್ಬಿನ ಪವರು ಏರಿತು. ನೋಡಿದೆಯಾ, ನೆಲ ಒಣಗಿದಾಗ ಬಲ್ಬೂ ಮಂಕು, ಪೈಪೂ ಕಚ್ಚುತ್ತದೆ, ನೆಲ ನೆನೆದರೆ ಎರಡೂ ಸರಿ ಅಂದರು. ಆಮೇಲೆ ಕೈ ಒರೆಸಿಕೊಂಡು, ಒಣ ಕೈಯಲ್ಲಿ ಪೈಪನ್ನು ಮುಟ್ಟಿ ತೋರಿಸಿದರು. ಮನುಷ್ಯನ ಮೈಯ ರೆಸಿಸ್ಟೆನ್ಸು ಹತ್ತು ಸಾವಿರ ಓಮು, ನಲವತ್ತೈದನ್ನು ಅದರಿಂದ ಭಾಗಿಸಿದರೆ ಇರುವೆ ಕಚ್ಚಿದಷ್ಟು ಕರೆಂಟು ಅಂತ ವಿವರಿಸಿದರು.

"ಬಲ್ಬು ಬಿಟ್ಟು ಬೇರೆ ಏನೂ ಹಾಕ್ಬೇಡ," ಅಂದರು ಅಕ್ಕನಿಗೆ. "ಹಾಕಿದ್ರೂ ಅದು ಕೆಲ್ಸ ಮಾಡಲ್ಲ."

ಅಷ್ಟೇ ಹೇಳಿದ್ದು. ಕೆಲಸ ಮಾಡಲ್ಲ ಅಂದರು. ಯಾಕೆ ಹಾಕಬಾರದು ಅಂತ ಅಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗಲೂ ಆ ಮಾತು ನೆನೆದರೆ ನನಗೆ ಸಿಟ್ಟು ಬರುತ್ತದೆ. ಇಡೀ ಊರಿನ ಮಕ್ಕಳಿಗೆ ಪಾಠ ಮಾಡಿದ ಬಾಯಿಗೆ ಇನ್ನೊಂದು ವಾಕ್ಯ ಭಾರವಾಗಿತ್ತಾ?

ಹತ್ತನೇ ಕ್ಲಾಸಿನ ಪರೀಕ್ಷೆ ಶುರುವಾಗುವ ಹಿಂದಿನ ದಿನ. ಮೇಷ್ಟ್ರು ಮಾರನೇ ದಿನ ಬೆಳಗ್ಗೆಯೇ ಮೇಲ್ವಿಚಾರಣೆಗೆ ಹೋಗಬೇಕಿತ್ತು. ನಾನು, ನಮ್ಮತ್ತೆ ಕಣದಲ್ಲಿ ಮೆಣಸು ಒಟ್ಟು ಮಾಡುತ್ತಿದ್ದೆವು. ಹೊತ್ತು ಮುಳುಗಿತ್ತು, ಇನ್ನೂ ಬೆಳಕಿತ್ತು. ಬೇಲಿಯಾಚೆ ಗಂಡ ಹೆಂಡತಿ ಮಾತಾಡಿಕೊಳ್ಳುವುದು ಕೇಳುತ್ತಿತ್ತು. ಅಕ್ಕ ಇವತ್ತು ನಾನು ಪೈಪಿನ ಹತ್ತಿರ ಹೋಗಲ್ಲ ಅಂತ ಹಟ ಹಿಡಿದಿದ್ದರು. ನಿನ್ನೆ ಕಚ್ಚಿದ್ದು ಬೆಳಗಿನವರೆಗೂ ಕೈಯಲ್ಲಿತ್ತಂತೆ. ಸರಿ ಬಿಡು ಮಾರಾಯ್ತಿ, ಇನ್ಮೇಲೆ ನೀರು ನನ್ನ ಪಾಲಿಗೆ ಅಂದರು ಮೇಷ್ಟ್ರು. ಹಂಗಾದ್ರೆ ನಿಮ್ಮ ಷರ್ಟಿನ ಇಸ್ತ್ರಿ ನನ್ನ ಪಾಲಿಗೆ ಅಂದರು ಅಕ್ಕ. ಷರ್ಟಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುವುದು ಮೇಷ್ಟ್ರ ಪದ್ಧತಿ, ಕರೆಂಟು ಹೋದ ಮೇಲೆ ಹಳೇ ಕೆಂಡದ ಪೆಟ್ಟಿಗೆಯಲ್ಲಿ. ಇಬ್ಬರೂ ನಗುವುದು ಕೇಳಿತು. ಹೊಸ ಮದುವೆಯವರ ಹಂಗೆ ಆಡ್ತಾರೆ ನೋಡು ಅಂತ ಅತ್ತೆ ಮೂಗು ಮುರಿದರು.

ಸ್ವಲ್ಪ ಹೊತ್ತಿಗೆ ಜಗಲಿಯ ಬಲ್ಬು ಮಂಕಾಯಿತು. ಎಂದಿನ ಹಾಗೆ ಮೆಲ್ಲಗಲ್ಲ, ಒಂದೇ ಸಲಕ್ಕೆ. ಕೆಂಪು ದಾರದ ಹಾಗೆ ಒಳಗಿನ ತಂತಿ ಮಾತ್ರ ಕಾಣುತ್ತಿತ್ತು. ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ನೆಲ ಒಣಗೈತೆ ಕಣೇ," ಅಂತ ಒಳಕ್ಕೆ ಕೂಗಿದರು. "ನೀರು ಹುಯ್ದು ಬರ್ತೀನಿ."

ಬಚ್ಚಲಿಗೆ ಹೋಗಿ ಚೊಂಬು ಮುಳುಗಿಸಿ ತಂದರು. ಮೊಣಕೈವರೆಗೂ ಒದ್ದೆ. ಬರಿಗಾಲು. ಎಡಗೈಯಲ್ಲಿ ಪೈಪಿನ ಬಾಯಿ ಹಿಡಿದುಕೊಂಡು ಬಗ್ಗಿದ್ದು ಕಂಡೆ... ಆಮೇಲೆ ಚೊಂಬು ಕಲ್ಲಿನ ಮೇಲೆ ಬಿದ್ದ ಸದ್ದು. ಕೂಗಲಿಲ್ಲ. ಕುಕ್ಕರುಗಾಲಲ್ಲಿ ಕೂತು ಪೈಪನ್ನೇ ನೋಡುತ್ತಿರುವ ಹಾಗಿದ್ದರು, ಕೈ ಮಾತ್ರ ಪೈಪು ಬಿಡುತ್ತಿರಲಿಲ್ಲ.

ಅಕ್ಕ ಹಿತ್ತಲ ಬಾಗಿಲಿಂದ ಓಡಿ ಬಂದರು. ಮುಟ್ಟಬೇಡಿ ಅಂತ ನಾನು ಅರಚಿದೆ. ಮೇಷ್ಟ್ರೇ ಕಲಿಸಿದ್ದು ಅದು, ಹಿಡಿದುಕೊಂಡವನನ್ನು ಮುಟ್ಟಬಾರದು, ಮೊದಲು ಮೈನ್ ತೆಗೆಯಬೇಕು ಅಂತ. ನಮ್ಮತ್ತೆ ಆ ವಯಸ್ಸಿನಲ್ಲಿ ಬೇಲಿ ಸೀಳಿಕೊಂಡು ಹೋಗಿ ಅಕ್ಕನ ಸೊಂಟ ಹಿಡಿದು ಕೂತುಬಿಟ್ಟರು. ನಾನು ಒಳಗೆ ನುಗ್ಗಿ ಮೈನ್ ಸ್ವಿಚ್ ಎಳೆದೆ. ವಾಪಸು ತಿರುಗುವಾಗ ಕಂಡಿತು. ಬೆಂಚಿನ ಮೇಲೆ ಕಂಬಳಿ ಹಾಸಿ ಬಿಳೀ ಷರ್ಟು ಹರಡಿತ್ತು. ಪಕ್ಕದಲ್ಲಿ ಕೆಂಡದ ಪೆಟ್ಟಿಗೆ ಅಲ್ಲ, ಕರೆಂಟಿನ ಇಸ್ತ್ರಿ ಪೆಟ್ಟಿಗೆ. ಪಿನ್ನು ಗೋಡೆಯಲ್ಲಿತ್ತು. ಯಾಕೋ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು ಅಷ್ಟೇ, ಕರ್ಚೀಫಿನ ಸುಕ್ಕು ತೆಗೆಯೋಕೂ ಸಾಲದಷ್ಟು. ಕಾಯಲಿ ಅಂತ ಅಕ್ಕ ಕಾಯುತ್ತಾ ಕೂತಿದ್ದಿರಬೇಕು.

ಮೇಷ್ಟ್ರು ಉಳಿಯಲಿಲ್ಲ. ಸುಕ್ಕು ಹೋಗದ ಆ ಷರ್ಟನ್ನೇ ಹಾಕಿ ಕಳಿಸಿದ್ದು. ಅವರು ಹೋದ ಮೇಲೆ ಲೈನಿನವರು ಬಂದು ತಂತಿ ಕಟ್ಟಿದರು. ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಮಾತಾಡಿಸೋಕೆ ಬಂದವರೆಲ್ಲ ಹೆಂಗಾಯ್ತು ಅಂತ ಕೇಳುವರು. ಅಕ್ಕ ಎಲ್ಲರಿಗೂ ಒಂದೇ ಹೇಳುವರು. ನೆಲ ಒಣಗಿತ್ತು, ಅವರೇ ಹೇಳಿದರು, ಅವರ ಕೊನೇ ಮಾತೇ ಅದು. ದಿನಾ ನಾನು ಹುಯ್ಯುತ್ತಿದ್ದೆ, ಅವತ್ತು ಹೆದರಿಕೊಂಡು ಹುಯ್ಯಲಿಲ್ಲ, ಅದಕ್ಕೇ ಒಣಗಿತ್ತು. ಹೇಳಿ ಹೇಳಿ ಅತ್ತು ಕಣ್ಣೀರೆಲ್ಲ ಇಂಗಿಹೋಗಿತ್ತು. ಮೇಷ್ಟ್ರು ತಪ್ಪು ಹೇಳುತ್ತಾರೆ ಅನ್ನುವುದು ಅಕ್ಕನ ತಲೆಗೆ ಹೊಳೆಯುವ ಮಾತೇ ಅಲ್ಲ.

ನನಗೆ ಹೊಳೆಯಿತು. ಒಂದು ದಿನ ಅಡುಗೆ ಮಾಡುತ್ತಾ ಒಲೆ ಮುಂದೆ ಕೂತಿದ್ದಾಗ, ಬೇಡ ಬೇಡ ಅಂದರೂ ಲೆಕ್ಕ ತಾನಾಗಿ ಕೂಡಿಕೊಂಡು ಬಂತು. ಬಲ್ಬು ಎಳೆಯುವ ಕರೆಂಟು ಎಷ್ಟು, ಇಸ್ತ್ರಿ ಪೆಟ್ಟಿಗೆ ಎಳೆಯುವುದು ಎಷ್ಟು? ಬಲ್ಬಿನ ಏಳೆಂಟು ಪಟ್ಟು. ಅಷ್ಟೂ ಅದೇ ಪೈಪಿನಲ್ಲೇ ನೆಲಕ್ಕೆ ಇಳಿಯಬೇಕು. ನಲವತ್ತೈದು ವೋಲ್ಟಿದ್ದ ಪೈಪು ನೂರನಲವತ್ತಕ್ಕೆ ಏರುತ್ತದೆ. ಪೈಪೇ ಅಷ್ಟು ತಿಂದರೆ ಬಲ್ಬಿಗೆ ಉಳಿಯುವುದು ಚೂರು, ಅದಕ್ಕೇ ಮಂಕು. ಪೆಟ್ಟಿಗೆಗೂ ಚೂರು, ಅದಕ್ಕೇ ಅದು ಕಾಯಲಿಲ್ಲ. ನೆಲ ಒಣಗಿರಲೇ ಇಲ್ಲ, ಒಣಗಿದ್ದರೆ ಬಲ್ಬು ಮೆಲ್ಲಗೆ ಮಂಕಾಗುತ್ತಿತ್ತು, ಒಂದೇ ಸಲಕ್ಕಲ್ಲ. ಬಲ್ಬು ಮಂಕಾದದ್ದನ್ನು ಕಂಡು ಮೇಷ್ಟ್ರು ತ್ರಿಕೋನದಲ್ಲಿ ರೆಸಿಸ್ಟೆನ್ಸಿನ ಮೇಲೆ ಹೆಬ್ಬೆಟ್ಟಿಟ್ಟರು. ಕರೆಂಟಿನ ಮೇಲೆ ಇಡಬೇಕಿತ್ತು. ಲೆಕ್ಕ ಹಾಕಿದ್ದೂ ಬಲ್ಬಿಗೆ ಒಂದಕ್ಕೇ, ಒಣ ಕೈಗೆ ಒಂದಕ್ಕೇ. ಒದ್ದೆ ಕೈಯ ರೆಸಿಸ್ಟೆನ್ಸು ಅದರಲ್ಲಿ ಹತ್ತನೇ ಒಂದು ಪಾಲೂ ಇರುವುದಿಲ್ಲ ಅಂತ ನಮಗೆ ಹೇಳಿಕೊಟ್ಟವರೂ ಅವರೇ... ಸಾರು ಉಕ್ಕಿ ಒಲೆ ಆರಿಹೋಗಿತ್ತು. ನನಗೆ ಗೊತ್ತಾಗಲಿಲ್ಲ.

ಅಕ್ಕನಿಗೆ ಹೇಳುವುದು ಹೇಗೆ? ನೀರು ಹುಯ್ಯದೆ ಗಂಡನನ್ನು ಕಳಕೊಂಡೆ ಅಂತ ಅಳುವವರಿಗೆ, ಅಲ್ಲಕ್ಕ, ಅದರಿಂದಲ್ಲ, ನೀವು ಪಿನ್ನು ಚುಚ್ಚಿದ್ದರಿಂದ ಅಂತ ಹೇಳುವುದಾ? ತಲೆ ಮೇಲಿನ ಕಲ್ಲು ಇಳಿಸಿ ಎದೆ ಮೇಲೆ ಬಂಡೆ ಇಟ್ಟ ಹಾಗೆ. ಅತ್ತೆಗೆ ಮಾತ್ರ ಹೇಳಿದೆ. ಆ ಮಾತು ನಿನ್ನ ಹೊಟ್ಟೇಲೇ ಸಾಯ್ಲಿ ಅಂದರು. ಈಗ ಅತ್ತೆಯೂ ಇಲ್ಲ.

ಅಕ್ಕ ಮಾತ್ರ ಅಂದಿನಿಂದ ಒಂದು ಸಂಜೆಯೂ ತಪ್ಪಿಸಲಿಲ್ಲ. ಆ ಪೈಪಿನ ವೈರು ಎಂದೋ ಕತ್ತರಿಸಿದ್ದಾಗಿತ್ತು, ಬರೀ ಕಬ್ಬಿಣ. ಆದರೂ ಹೊತ್ತು ಮುಳುಗಿದರೆ ಚೊಂಬು ಹಿಡಿದು ಬಂದು ಅದರ ಬಾಯಿಗೆ ನೀರು ಹುಯ್ಯುವರು. ಮಳೆಗಾಲದಲ್ಲೂ ಹುಯ್ಯುವರು. ಯಾರಾದರೂ ಕೇಳಿದರೆ ಒಣಗಬಾರದು ಅನ್ನುವರು. ಅದಕ್ಕಿಂತ ನನಗೆ ನೋಡಲಾಗದೆ ಇದ್ದದ್ದು ಇನ್ನೊಂದು. ಅದೇ ಇಸ್ತ್ರಿ ಪೆಟ್ಟಿಗೆಯನ್ನು ಅವರು ಇಷ್ಟು ವರ್ಷವೂ ಬಳಸಿದರು. ನನ್ನ ಮಕ್ಕಳ ಯೂನಿಫಾರ್ಮನ್ನೂ, ಕೊಡು ಇಲ್ಲಿ, ನಂದರ ಜೊತೆ ಹಾಕ್ತೀನಿ ಅಂತ ಬೇಲಿಯ ಮೇಲಿಂದ ಇಸಕೊಳ್ಳುವರು. ಬಿಸಿ ಬಿಸಿ ಬಟ್ಟೆ ವಾಪಸು ಕೊಡುವಾಗ ನನ್ನ ಕೈ ಹಿಂದೆ ಸರಿಯುತ್ತಿತ್ತು. ಆ ಮನೆಯ ಕರೆಂಟಿನ ಕೆಲಸಕ್ಕೆ ಯಾರೇ ಬಂದರೂ ನಾನು ಜೊತೆಗೇ ನಿಂತಿರುತ್ತಿದ್ದೆ. ಯಾರ ಬಾಯಿಂದ ಏನು ಬಿದ್ದುಬಿಡುತ್ತದೋ ಅನ್ನುವ ದಿಗಿಲು.

ಹೋದ ವಾರವೂ ನಿಂತಿದ್ದೆ. ಗುಂಡಿ ತೋಡುತ್ತಿದ್ದ ಎಲೆಕ್ಟ್ರಿಷಿಯನ್ ವಾಚಾಳಿ. ಹಳೇ ಪೈಪಿನ ಪಕ್ಕದ ಮಣ್ಣು ಹಿಡಿದು, ಏನಮ್ಮ, ಇಂಥಾ ಬೇಸಿಗೇಲೂ ನೆಲ ಇಷ್ಟು ತಂಪೈತೆ ಅಂತ ಆಶ್ಚರ್ಯಪಟ್ಟ. ಅಕ್ಕ ಉಪ್ಪಿನ ಚೀಲ ಹಿಡಿದು ನಿಂತಿದ್ದರು. ನಾನು ದಿನಾ ನೀರು ಹುಯ್ತೀನಿ ಅಂದರು. ಅವನಿಗೆ ಅಷ್ಟೇ ಬೇಕಿತ್ತು. ಹಿಂದೆ ಅರ್ತ್ ಮೇಲೆ ಲೈಟು ಉರಿಸೋರು ಹಿಂಗೇ ಹುಯ್ತಿದ್ದರು ಅಂತ ಶುರು ಮಾಡಿದ. ಕಾಫಿ ಕುಡಿಯಪ್ಪ, ಮೊದಲು ಕಾಫಿ ಕುಡಿ ಅಂತ ಲೋಟ ಮುಂದೆ ಹಿಡಿದೆ. ಅವನು ಲೋಟ ತಗೊಂಡ, ಮಾತು ನಿಲ್ಲಿಸಲಿಲ್ಲ. ಒಂದು ಬಲ್ಬಿಗೆ ಅಂಥಾದ್ದೇನಾಗಲ್ಲ ಕಣ್ರಮ್ಮ, ಹೀಟರೋ ಇಸ್ತ್ರಿ ಪೆಟ್ಟಿಗೆಯೋ ಹಾಕಿದರೆ ಮಾತ್ರ ಮುಗೀತು, ಪೈಪು ಮುಟ್ಟಿದವನು ಅಲ್ಲೇ ಹೋಗ್ಬುಡ್ತಾನೆ ಅಂದ.

ಅಕ್ಕ ಉಪ್ಪಿನ ಚೀಲದ ಬಾಯಿ ಬಿಚ್ಚುತ್ತಿದ್ದವರು ನಿಲ್ಲಿಸಿದರು.

"ಇಸ್ತ್ರಿ ಪೆಟ್ಟಿಗೆ ಹಾಕಿದ್ರೆ ಬಲ್ಬು ಮಂಕಾಗ್ತದಾ?"

"ಆಗ್ದೆ ಇನ್ನೇನು? ಸತ್ತೇ ಹೋದಂಗೆ ಆಗ್ತದೆ."

ಅಕ್ಕ ತಲೆ ಆಡಿಸಿದರು. ಉಪ್ಪು ಸುರಿದರು, ಇಷ್ಟು ಸಾಕಾ ಅಂತ ಕೇಳಿದರು. ಅವನಿಗೆ ದುಡ್ಡು ಕೊಟ್ಟು, ನಮ್ಮ ಕೆ. ಹೊಸಕೋಟೆಯಿಂದ ಆಲೂರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ ಅಂತಲೂ ವಿಚಾರಿಸಿ ಕಳಿಸಿದರು. ನನ್ನ ಕಡೆ ನೋಡಲಿಲ್ಲ.

ಅವತ್ತು ಸಂಜೆ ನಾನು ಬೇಲಿ ಹತ್ತಿರ ಕಾದೆ. ಹೊತ್ತು ಮುಳುಗಿತು. ಕೋಳಿಗಳು ಪೈಪಿನ ಸುತ್ತ ಬಂದು ಅಭ್ಯಾಸದ ಮೇಲೆ ನಿಂತವು. ಅಕ್ಕ ಬಂದರು, ಕೈಯಲ್ಲಿ ಚೊಂಬಿರಲಿಲ್ಲ. ನೆಟ್ಟಗೆ ಬೇಲಿಯ ಹತ್ತಿರಕ್ಕೇ ಬಂದು ದಾಸವಾಳದ ಒಂದು ಎಲೆ ಕಿತ್ತು ಕೈಯಲ್ಲಿ ಮಡಚಿದರು.

"ನೀನು ಲೆಕ್ಕದಲ್ಲಿ ಹುಷಾರು ಅಂತಿದ್ರು ಅವರು," ಅಂದರು. "ನಿಂಗೆ ಆವಾಗ್ಲೇ ಗೊತ್ತಿತ್ತು ಅಲ್ವಾ?"

ನಾನು ಬೇಲಿಯ ಬುಡ ನೋಡಿದೆ. ಅಕ್ಕ ನನ್ನ ಮುಖ ನೋಡಿ ಒಳಗೆ ಹೋದರು.

ಆಮೇಲೆ ಅವರು ನೀರು ಹುಯ್ದಿಲ್ಲ. ಚೊಂಬು ಬಚ್ಚಲ ಕಲ್ಲಿನ ಮೇಲೆ ಬೋರಲು ಬಿದ್ದಿದೆ. ಯೂನಿಫಾರ್ಮು ಕೇಳೋಕೆ ಬೇಲಿ ಹತ್ತಿರ ಬಂದಿಲ್ಲ. ಇವತ್ತು ಬೆಳಗ್ಗೆ ನೋಡಿದೆ, ಹಳೇ ಪೈಪಿನ ಸುತ್ತ ಮಣ್ಣು ಬಿರುಕು ಬಿಟ್ಟಿದೆ. ಮೇಷ್ಟ್ರು ಅವತ್ತು ಹೇಳಿದ್ದು ಈಗ ನಿಜವಾಯಿತು... ನೆಲ ಒಣಗಿದೆ.